ಚೀಟಿ ಮಾರುವ ಮೇಜಿನ ಹಿಂದೆ

ಇಂಗ್ಲೆಂಡಿನ ಪ್ರಾಥಮಿಕ ಶಾಲೆಯ ಪೋಷಕರ ಸಂಘಕ್ಕೆ ಸೇರಿದವರಿಗೆ ಎರಡು ಕೆಲಸಗಳಲ್ಲಿ ಒಂದು ತಪ್ಪುವುದಿಲ್ಲ. ಒಂದು ಕೇಕ್ ಮಾಡಿ ಮಾರುವುದು, ಇನ್ನೊಂದು ರಾಫಲ್. ನನಗೆ ಕೇಕ್ ಮಾಡಲು ಬರುವುದಿಲ್ಲವೆಂದು ಮೊದಲ ಸಭೆಯಲ್ಲೇ ಹೇಳಿಬಿಟ್ಟೆ. ಹಾಗಾಗಿ ರಾಫಲ್ ನನ್ನ ಪಾಲಿಗೆ ಬಂತು. ಬಂದದ್ದು ಹೋಗಲೇ ಇಲ್ಲ. ಮಗಳು ಆ ಶಾಲೆ ಬಿಟ್ಟು ಹೈಸ್ಕೂಲು ಸೇರಿದ ಮೇಲೂ ನವೆಂಬರ್ ಬಂತೆಂದರೆ ಸಂಘದ ಅಧ್ಯಕ್ಷೆಯ ಫೋನ್ ಬರುತ್ತದೆ: "ಈ ಸಲವೂ ನೀವೇ ತಾನೆ?"

ಶಿರಸಿಯಲ್ಲಿರುವ ಅಮ್ಮನಿಗೆ ಇದನ್ನು ಮೊದಲ ಸಲ ಹೇಳಿದಾಗ ಅವಳು ಕೇಳಿದ್ದು ಒಂದೇ ಮಾತು. "ಲಾಟರಿ ಟಿಕೆಟ್ ಮಾರಲೆ ಇಂಗ್ಲೆಂಡಿಗೆ ಹೋಗಕಾಗಿತ್ತನೇ ಕೂಸೇ?" ನಾನು ನಕ್ಕೆ. ಆದರೆ ಕಾನೂನಿನ ಕಣ್ಣಿನಲ್ಲಿ ಅಮ್ಮನ ಮಾತು ನೂರಕ್ಕೆ ನೂರು ಸರಿ. ಹಣ ಕೊಟ್ಟು ಚೀಟಿ ಕೊಳ್ಳಬೇಕು, ಗೆದ್ದವರಿಗೆ ಬಹುಮಾನ ಉಂಟು, ಯಾರು ಗೆಲ್ಲುತ್ತಾರೆಂಬುದು ಬರೀ ಅದೃಷ್ಟ. ಈ ಮೂರೂ ಕೂಡಿದರೆ ಅದು ಲಾಟರಿ. ಬಹುಮಾನ ಕೋಟಿ ರೂಪಾಯಿಯಾದರೂ ಅಷ್ಟೇ, ಒಂದು ಡಬ್ಬಿ ಬಿಸ್ಕತ್ತಾದರೂ ಅಷ್ಟೇ. ಶಾಲೆಯ ಸಂತೆ, ಚರ್ಚಿನ ಅಂಗಳ, ಕ್ರಿಕೆಟ್ ಕ್ಲಬ್ಬಿನ ಊಟ, ಕನ್ನಡ ಕೂಟದ ದೀಪಾವಳಿ, ಎಲ್ಲ ಕಡೆಯೂ ನಡೆಯುವ ಈ ಚಿಕ್ಕ ಲಾಟರಿಗೆ ಇಲ್ಲಿ ರಾಫಲ್ ಎನ್ನುತ್ತಾರೆ. ಬಂದ ಹಣ ಯಾರ ಜೇಬಿಗೂ ಹೋಗದೆ ಒಂದು ಒಳ್ಳೆಯ ಕೆಲಸಕ್ಕೆ ಸಲ್ಲಬೇಕು ಎಂಬುದೇ ಇದರ ಮೂಲ ನಿಯಮ.

ಬೇಕಾಗುವ ಸಾಮಗ್ರಿ ತೀರಾ ಸರಳ. ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಬಣ್ಣದ ಚೀಟಿ ಪುಸ್ತಕ. ಒಂದೊಂದು ಸಂಖ್ಯೆಯೂ ಎರಡೆರಡು ಸಲ ಅಚ್ಚಾಗಿರುತ್ತದೆ, ನಡುವೆ ಹರಿಯಲು ತೂತಿನ ಸಾಲು. ಒಂದು ಅರ್ಧ ಕೊಂಡವರಿಗೆ, ಇನ್ನೊಂದು ಅರ್ಧ ಡಬ್ಬಿಗೆ. ನಾಟಕಶಾಲೆಗಳಲ್ಲಿ ಕೋಟು ಬಿಚ್ಚಿಟ್ಟವರಿಗೆ ಕೊಡುತ್ತಿದ್ದ ಚೀಟಿಯೇ ಇದು. ಐದು ಚೀಟಿಯ ಒಂದು ಪಟ್ಟಿಗೆ ಒಂದು ಪೌಂಡ್ ಎಂಬುದು ಶಾಲೆಯ ಸಂತೆಗಳಲ್ಲಿ ಸಾಮಾನ್ಯ ದರ. ಬಹುಮಾನಗಳೂ ಹಾಗೇ: ಚಾಕಲೇಟ್ ಡಬ್ಬಿ, ವೈನ್ ಬಾಟಲಿ, ಕ್ಷೌರದಂಗಡಿಯ ವೋಚರು, ಹೋಟೆಲಿನಲ್ಲಿ ಇಬ್ಬರ ಊಟ, ಈಜುಕೊಳದ ಪ್ರವೇಶ. ಎಲ್ಲಕ್ಕೂ ಮೇಲೆ ಹ್ಯಾಂಪರ್, ಅಂದರೆ ತಿಂಡಿತೀರ್ಥ ತುಂಬಿ ಗರಿಗರಿ ಪ್ಲಾಸ್ಟಿಕ್ ಕಾಗದ ಸುತ್ತಿ ರಿಬ್ಬನ್ ಕಟ್ಟಿದ ಬೆತ್ತದ ಬುಟ್ಟಿ.

ಈ ಬುಟ್ಟಿಯ ಸಂಗತಿ ನನಗೆ ಬಹಳ ಇಷ್ಟ. ಸಂತೆಗೆ ಒಂದೆರಡು ವಾರ ಮೊದಲು ಶಾಲೆಯಲ್ಲಿ ಒಂದು ದಿನ ಸಮವಸ್ತ್ರಕ್ಕೆ ರಜೆ. ಮಕ್ಕಳು ಮನೆಯ ಬಟ್ಟೆಯಲ್ಲೇ ಬರಬಹುದು, ಅದಕ್ಕೆ ಬದಲಾಗಿ ರಾಫಲ್‌ಗೆ ಒಂದು ವಸ್ತು ತರಬೇಕು. ಒಂದು ತರಗತಿಗೆ ಚಾಕಲೇಟು, ಇನ್ನೊಂದಕ್ಕೆ ಆಟಿಕೆ, ಮತ್ತೊಂದಕ್ಕೆ ಸಾಬೂನು, ಮೇಣದ ಬತ್ತಿ. ಅಂದು ಬೆಳಿಗ್ಗೆ ಗೇಟಿನ ಬಳಿ ರಟ್ಟಿನ ಪೆಟ್ಟಿಗೆ ಇಟ್ಟುಕೊಂಡು ನಿಂತರೆ ಊರಿನ ಮನೆಗಳ ಅಟ್ಟವೆಲ್ಲ ಖಾಲಿಯಾಗಿ ನಮ್ಮೆದುರು ಬಂದು ಬೀಳುತ್ತದೆ. ಲ್ಯಾವೆಂಡರ್ ಪರಿಮಳದ ಸ್ನಾನದ ಉಪ್ಪಿನ ಒಂದು ಡಬ್ಬಿ ವರ್ಷ ವರ್ಷವೂ ಬರುತ್ತದೆ. ಗೆದ್ದವರು ಮರುವರ್ಷ ಅದನ್ನೇ ತಂದುಕೊಡುತ್ತಾರೆಂದು ನನಗೆ ಬಲವಾದ ಗುಮಾನಿ. ತಿನ್ನುವ ಪದಾರ್ಥಗಳ ತಾರೀಖನ್ನು ಒಂದೊಂದಾಗಿ ನೋಡಲೇಬೇಕು. ದಾನ ಕೊಟ್ಟವರ ಮನಸ್ಸು ದೊಡ್ಡದಿರಬಹುದು, ಆದರೆ ಅವರ ಅಟ್ಟದಲ್ಲಿದ್ದ ಅನಾನಸಿನ ಡಬ್ಬಿಯ ಆಯುಷ್ಯ ತೀರಿ ಎಷ್ಟೋ ಕಾಲವಾಗಿರುತ್ತದೆ.

ನಾನೂ ಒಂದು ಬುಟ್ಟಿ ಕಟ್ಟುತ್ತೇನೆ. ಮೈಸೂರು ಸ್ಯಾಂಡಲ್ ಸೋಪು, ಚಿಕ್ಕಮಗಳೂರಿನ ಕಾಫಿಪುಡಿ, ಚನ್ನಪಟ್ಟಣದ ಮರದ ಬುಗುರಿ, ಊರಿನಿಂದ ಬರುವಾಗ ತಂದ ಏಲಕ್ಕಿ, ಕಾಳುಮೆಣಸು. ಮೊದಮೊದಲು ಇದನ್ನು ಯಾರು ಮುಟ್ಟುತ್ತಾರೋ ಎಂಬ ಅಳುಕಿತ್ತು. ಈಗ ಗೆದ್ದವರು ಚಾಕಲೇಟ್ ಬುಟ್ಟಿ ಬಿಟ್ಟು ಇದಕ್ಕೇ ಕೈ ಹಾಕುವುದುಂಟು. ಕಾಳುಮೆಣಸಿಗೆ ಇಷ್ಟು ಘಾಟಿರುತ್ತದೆಂದು ತನಗೆ ಗೊತ್ತೇ ಇರಲಿಲ್ಲವೆಂದು ಒಬ್ಬ ಅಜ್ಜಿ ಸಂತೆ ಮುಗಿದ ಮೇಲೆ ರಸ್ತೆಯಲ್ಲಿ ನಿಲ್ಲಿಸಿ ಹೇಳಿದರು.

ಅಂಗಡಿಗಳಿಂದ ಬಹುಮಾನ ಕೇಳಿ ತರುವುದು ಬೇರೆಯೇ ವಿದ್ಯೆ. ನಮ್ಮವರಿಗೆ ಇದು ಕಷ್ಟ. ಇನ್ನೊಬ್ಬರ ಮುಂದೆ ಕೈ ಒಡ್ಡುವುದೆಂದರೆ ಜೀವ ಹಿಡಿಯಾಗುತ್ತದೆ. ಕಲಿತದ್ದಿಷ್ಟು: ಶಾಲೆಯ ತಲೆಬರಹದ ಪತ್ರ ಕೈಯಲ್ಲಿರಲಿ, ಹಣ ಯಾತಕ್ಕೆಂದು ಒಂದೇ ವಾಕ್ಯದಲ್ಲಿ ಹೇಳಿ, ಗಿರಾಕಿಗಳಿಲ್ಲದ ಹೊತ್ತು ನೋಡಿ ಹೋಗಿ, ಕೇಳುವುದನ್ನು ಮಾಲೀಕರನ್ನೇ ಕೇಳಿ. "ಏನಾದರೂ ಕೊಡಿ" ಎಂದರೆ ಏನೂ ಬರುವುದಿಲ್ಲ. "ಆಟದ ಬಯಲಿಗೆ ಹತ್ತಿಳಿಯುವ ಚೌಕಟ್ಟು ಹಾಕಿಸುತ್ತಿದ್ದೇವೆ, ನಿಮ್ಮಲ್ಲಿ ಒಂದು ಹೇರ್‌ಕಟ್ಟಿನ ವೋಚರು ಕೊಡಬಹುದೇ?" ಎಂದರೆ ಬರುತ್ತದೆ. ದೊಡ್ಡ ಸೂಪರ್ ಮಾರ್ಕೆಟ್ಟುಗಳಲ್ಲಿ ಅರ್ಜಿ, ಕಚೇರಿ, ವಾರಗಟ್ಟಲೆ ಕಾಯುವಿಕೆ. ಬೀದಿ ತುದಿಯ ಗುಜರಾತಿ ದಿನಸಿ ಅಂಗಡಿಯವರು ಮಾತು ಮುಗಿಯುವ ಮೊದಲೇ ಬಾಸ್ಮತಿ ಅಕ್ಕಿಯ ಚೀಲ ಎತ್ತಿ ಕಾರಿನಲ್ಲಿಟ್ಟರು. ವೋಚರು ಕೊಡುವವರಲ್ಲಿ ಅವಧಿ ಯಾವಾಗ ಮುಗಿಯುತ್ತದೆಂದು ಕೇಳಿ ಬರೆಸಿಕೊಳ್ಳಬೇಕು. ಒಂದು ಹೋಟೆಲು ಕೊಟ್ಟ ಊಟದ ವೋಚರನ್ನು ಗೆದ್ದವರು ತೆಗೆದುಕೊಂಡು ಹೋದಾಗ ಅಲ್ಲಿ ವಾರಾಂತ್ಯದಲ್ಲಿ ನಡೆಯುವುದಿಲ್ಲ ಎಂದು ವಾಪಸ್ಸು ಕಳಿಸಿದರು. ಬೈಗುಳ ಬಂದದ್ದು ಹೋಟೆಲಿಗಲ್ಲ, ಶಾಲೆಗೆ.

ಬಹುಮಾನ ಏಕೆ ದಾನವಾಗಿಯೇ ಬರಬೇಕು ಎನ್ನುವುದಕ್ಕೆ ಒಂದು ಸಣ್ಣ ಲೆಕ್ಕ. ಒಂದು ಪೌಂಡಿನ 500 ಚೀಟಿ ಮಾರಿದಿರಿ ಎಂದುಕೊಳ್ಳಿ. ಅಚ್ಚಿಗೆ 50 ಪೌಂಡ್, ಸ್ಥಳೀಯ ಕೌನ್ಸಿಲ್ಲಿನ ನೋಂದಣಿಗೆ 40 ಪೌಂಡ್ ಖರ್ಚು. ಬಹುಮಾನಗಳು ಪುಕ್ಕಟೆ ಬಂದಿದ್ದರೆ 410 ಪೌಂಡ್ ಉಳಿಯಿತು. ಒಂದು ಟ್ಯಾಬ್ಲೆಟ್ ಇಟ್ಟರೆ ಜನ ಮುಗಿಬೀಳುತ್ತಾರೆಂದು ಆಸೆಪಟ್ಟು 300 ಪೌಂಡ್ ಕೊಟ್ಟು ಅದನ್ನು ಕೊಂಡಿರೋ, ಉಳಿಯುವುದು 110. ಅಷ್ಟೆಲ್ಲ ಜನರ ಸಂಜೆ, ಓಡಾಟ, ಗಂಟಲು ಖರ್ಚಾಗಿ ಕೊನೆಗೆ ಲಾಭ ಮಾಡಿಕೊಂಡವನು ಎಲೆಕ್ಟ್ರಾನಿಕ್ ಅಂಗಡಿಯವನು. ದೊಡ್ಡ ಬಹುಮಾನವಿದ್ದರೆ ಮಾತ್ರ ಚೀಟಿ ಹೋಗುತ್ತದೆ ಎಂಬ ವಾದ ಪ್ರತಿ ಸಭೆಯಲ್ಲೂ ಏಳುತ್ತದೆ. ನಾನು ಒಪ್ಪುವುದಿಲ್ಲ. ಶಾಲೆಯ ರಾಫಲ್ ಚೀಟಿಯನ್ನು ಜನ ಕೊಳ್ಳುವುದು ಎದುರಿಗಿರುವವರು ಗುರುತಿನವರು ಎಂಬ ಕಾರಣಕ್ಕೆ. ಗೆಲ್ಲುವ ಆಸೆ ಇದ್ದರೂ ಅದು ಎರಡನೆಯದು. ಕೊಂಡವರಲ್ಲಿ ಬಹುಪಾಲು ಜನ ಸೋತೇ ಸೋಲುತ್ತಾರೆ. ಸೋತವರು ಬೇಸರವಿಲ್ಲದೆ, ಅನುಮಾನವಿಲ್ಲದೆ ಮನೆಗೆ ಹೋಗುವಂತೆ ಮಾಡುವುದೇ ಇದನ್ನು ನಡೆಸುವವರ ನಿಜವಾದ ಕೆಲಸ. ಉಳಿದ ನಿಯಮಗಳೆಲ್ಲ ಅಲ್ಲಿಂದಲೇ ಹುಟ್ಟಿದಂತಿವೆ.

ನಿಯಮಗಳ ಮಾತಿಗೆ ಬರೋಣ. ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡುಗಳಿಗೆ ಅನ್ವಯಿಸುವುದು 2005ರ ಜೂಜು ಕಾಯಿದೆ. ಉತ್ತರ ಐರ್ಲೆಂಡಿಗೆ ಬೇರೆಯೇ ಕಾನೂನಿದೆ. ಕಾಯಿದೆಯ ಹೆಸರಿನಲ್ಲಿ ಜೂಜು ಎಂಬ ಪದ ಕಂಡು ನಮ್ಮ ಸಂಘದ ಖಜಾಂಚಿ, ನಿವೃತ್ತ ಬ್ಯಾಂಕ್ ನೌಕರ, ಮುಖ ಕಿವುಚಿದರು. ಆದರೆ ಓದಿ ನೋಡಿದರೆ ಅದು ಸಣ್ಣವರ ಮೇಲೆ ಕರುಣೆಯಿರುವ ಕಾನೂನು.

ಸಂತೆ ನಡೆಯುವ ಜಾಗದಲ್ಲಿ, ಸಂತೆಯ ಹೊತ್ತಿನಲ್ಲಿ ಮಾತ್ರ ಚೀಟಿ ಮಾರುವುದಾದರೆ ಯಾರ ಅನುಮತಿಯೂ ಬೇಡ, ನೋಂದಣಿಯೂ ಬೇಡ. ಬಂದ ಹಣದಿಂದ ಬಹುಮಾನಕ್ಕೆಂದು 500 ಪೌಂಡಿಗಿಂತ ಹೆಚ್ಚು, ಇತರ ಖರ್ಚಿಗೆಂದು 100 ಪೌಂಡಿಗಿಂತ ಹೆಚ್ಚು ಮುರಿದುಕೊಳ್ಳಬಾರದು. ದಾನವಾಗಿ ಬಂದ ಬಹುಮಾನಗಳು ಈ ಮಿತಿಗೆ ಸೇರುವುದಿಲ್ಲ. ಚೀಟಿ ಎತ್ತುವುದು ಅಲ್ಲೇ ಆಗಲಿ, ಆಮೇಲಾಗಲಿ, ಅಡ್ಡಿಯಿಲ್ಲ. ಕ್ಲಬ್ಬೊಂದು ತನ್ನ ಸದಸ್ಯರಿಗೆ ಮಾತ್ರ ಮಾರಿಕೊಳ್ಳುವ ರಾಫಲ್‌ಗೂ ನೋಂದಣಿ ಬೇಡ.

ಮುಂಚಿತವಾಗಿ, ಊರವರಿಗೆಲ್ಲ ಮಾರಬೇಕೆಂದು ಹೊರಟಾಗ ಮಾತ್ರ ಕಾಗದಪತ್ರ ಶುರು. ಆಗ ಸಂಘವು ಸ್ಥಳೀಯ ಕೌನ್ಸಿಲ್ಲಿನಲ್ಲಿ ಸಣ್ಣ ಸಂಘದ ಲಾಟರಿ ಎಂದು ನೋಂದಾಯಿಸಿಕೊಳ್ಳಬೇಕು. ಮೊದಲ ವರ್ಷ 40 ಪೌಂಡ್, ಆಮೇಲೆ ವರ್ಷಕ್ಕೆ 20. ಒಂದು ಸಲದ ಮಾರಾಟ 20,000 ಪೌಂಡ್ ದಾಟಬಾರದು, ವರ್ಷದ್ದೆಲ್ಲ ಕೂಡಿ 2,50,000 ದಾಟಬಾರದು. ದಾಟಿದರೆ ಜೂಜು ಆಯೋಗದ ಪರವಾನಗಿಯೇ ಬೇಕು. ಶಾಲೆಯ ಸಂಘಕ್ಕೆ ಆ ಯೋಗ ಬರುವುದಿಲ್ಲ ಬಿಡಿ. ಬಂದ ಹಣದಲ್ಲಿ ಶೇಕಡಾ 20ಕ್ಕೆ ಕಡಿಮೆಯಿಲ್ಲದಷ್ಟು ಉದ್ದೇಶಿತ ಕೆಲಸಕ್ಕೆ ಹೋಗಲೇಬೇಕು. ಚೀಟಿಯ ಮೇಲೆ ಸಂಘದ ಹೆಸರು, ಬೆಲೆ, ನಡೆಸುವವರ ಹೆಸರು ಮತ್ತು ವಿಳಾಸ, ಎತ್ತುವ ತಾರೀಖು ಇರಬೇಕು. 16 ವರ್ಷದೊಳಗಿನವರಿಗೆ ಈ ಚೀಟಿ ಮಾರುವಂತಿಲ್ಲ. ಚೀಟಿ ಎತ್ತಿದ ಮೂರು ತಿಂಗಳೊಳಗೆ ಎಷ್ಟು ಬಂತು, ಎಷ್ಟು ಖರ್ಚಾಯಿತು, ಎಷ್ಟು ಉಳಿಯಿತು ಎಂಬ ಲೆಕ್ಕಕ್ಕೆ ಸಂಘದ ಇಬ್ಬರು ಸಹಿ ಹಾಕಿ ಕೌನ್ಸಿಲ್ಲಿಗೆ ಕಳಿಸಬೇಕು.

ಇದರಲ್ಲಿ ಜನ ಹೆಚ್ಚಾಗಿ ಮುಗ್ಗರಿಸುವುದು ಒಂದು ಚಿಕ್ಕ ನಿಯಮದಲ್ಲಿ. ಈ ಬಗೆಯ ರಾಫಲ್‌ನಲ್ಲಿ ಪ್ರತಿ ಚೀಟಿಯ ಬೆಲೆಯೂ ಒಂದೇ ಆಗಿರಬೇಕು. "ಒಂದಕ್ಕೆ ಒಂದು ಪೌಂಡ್, ಐದು ಪೌಂಡ್ ಕೊಟ್ಟರೆ ಆರು" ಎಂದು ಬೋರ್ಡು ಹಾಕುವಂತಿಲ್ಲ. ವ್ಯಾಪಾರಕ್ಕೆ ಇದು ಅಡ್ಡಿಯೆಂದು ಗೊಣಗುವವರಿದ್ದಾರೆ. ನನಗಂತೂ ಇದು ನ್ಯಾಯವಾಗಿಯೇ ಕಾಣುತ್ತದೆ. ಒಂದು ಪೌಂಡ್ ಕೊಟ್ಟ ಪೋರ್ಟರನಿಗೂ ಐವತ್ತು ಕೊಟ್ಟ ಡಾಕ್ಟರಿಗೂ ಒಂದು ಪೌಂಡಿಗೆ ಸಿಗುವ ಅವಕಾಶ ಒಂದೇ ಇರಬೇಕಲ್ಲ.

ಇನ್ನೊಂದು ಸಂಗತಿ ನಮ್ಮ ಖಜಾಂಚಿ ಹೇಳಿಕೊಟ್ಟದ್ದು. ಬ್ರಿಟನ್ನಿನಲ್ಲಿ ತೆರಿಗೆ ಕಟ್ಟುವವರು ನೋಂದಾಯಿತ ದತ್ತಿಗೆ 10 ಪೌಂಡ್ ದಾನ ಕೊಟ್ಟರೆ ಗಿಫ್ಟ್ ಏಯ್ಡ್ ಯೋಜನೆಯಲ್ಲಿ ಸರ್ಕಾರದಿಂದ ಇನ್ನೂ ಎರಡೂವರೆ ಪೌಂಡ್ ಸೇರುತ್ತದೆ. ರಾಫಲ್ ಚೀಟಿಯ ಹಣಕ್ಕೆ ಇದು ಸಿಗದು, ಏಕೆಂದರೆ ಅದು ದಾನವಲ್ಲ, ಗೆಲ್ಲುವ ಅವಕಾಶದ ಖರೀದಿ. ಹಾಗಾಗಿ ನಮ್ಮ ಮೇಜಿನ ಮೇಲೆ ಚೀಟಿ ಡಬ್ಬಿಯ ಪಕ್ಕದಲ್ಲಿ ದಾನದ ಡಬ್ಬಿಯೂ ಇರುತ್ತದೆ. ಅದಕ್ಕೆ ಬೇರೊಂದು ಕಾರಣವೂ ಉಂಟು. ಪಕ್ಕದ ಮನೆಯ ಪಾಕಿಸ್ತಾನಿ ಮೂಲದ ಗೆಳತಿ ಚೀಟಿ ಕೊಳ್ಳುವುದಿಲ್ಲ. ಅವರ ಧರ್ಮದಲ್ಲಿ ಜೂಜು ನಿಷಿದ್ಧ. ಆದರೆ ಬುಟ್ಟಿ ಕಟ್ಟಲು ಎಲ್ಲರಿಗಿಂತ ಮೊದಲು ಬರುವವಳು ಅವಳೇ, ಡಬ್ಬಿಗೆ ನೋಟು ಹಾಕುವವಳೂ ಅವಳೇ. ಇಲ್ಲಿನ ಮೆಥಡಿಸ್ಟ್ ಕ್ರೈಸ್ತರೂ ಬಹುಕಾಲ ಜೂಜಿನ ವಿರೋಧಿಗಳು. ಪಗಡೆಯಲ್ಲಿ ರಾಜ್ಯವನ್ನೂ ಹೆಂಡತಿಯನ್ನೂ ಕಳೆದ ಧರ್ಮರಾಯನ ಕಥೆ ಕೇಳಿ ಬೆಳೆದ ನಾವೂ ಈ ವಿಷಯದಲ್ಲಿ ಅವರಿಗೆ ಹತ್ತಿರದವರೇ. ಚೀಟಿ ಕೊಂಡರೂ ಮದ್ಯ ಮುಟ್ಟದವರೂ ಇದ್ದಾರೆ. ವೈನ್ ಬಾಟಲಿಗಳನ್ನು ಬೇರೆಯಾಗಿ ಇಟ್ಟು, ಬೇಡದವರು ಬೇರೆ ಬಹುಮಾನ ಆರಿಸಿಕೊಳ್ಳಬಹುದು ಎಂದು ಮೊದಲೇ ಹೇಳುವ ಪದ್ಧತಿ ಬಂದದ್ದು ಹೀಗೆ.

ಮಾರುವುದರಲ್ಲಿ ನಾನು ಕಂಡುಕೊಂಡ ಸೂತ್ರಗಳು ಹೆಚ್ಚಿಲ್ಲ. ಮೇಜು ಚಹಾದ ಸ್ಟಾಲಿಗೂ ಹೊರಬಾಗಿಲಿಗೂ ನಡುವೆ ಇರಬೇಕು. ಬಹುಮಾನಗಳು ಕಣ್ಣಿಗೆ ಬೀಳುವಂತೆ, ಮಕ್ಕಳ ಎತ್ತರಕ್ಕೆ ಇರಬೇಕು. ಮಗು ಬುಟ್ಟಿಯ ಮುಂದೆ ನಿಂತಿತೆಂದರೆ ತಾಯಿ ನಿಲ್ಲುತ್ತಾಳೆ, ತಾಯಿ ನಿಂತರೆ ಪರ್ಸು ತೆರೆಯುತ್ತದೆ. ಚಿಲ್ಲರೆ ಬೇಕು, ಅದಕ್ಕಿಂತ ಮುಖ್ಯವಾಗಿ ಈಗ ಕಾರ್ಡ್ ಯಂತ್ರ ಬೇಕು. ಜೇಬಿನಲ್ಲಿ ನಾಣ್ಯ ಇಟ್ಟುಕೊಳ್ಳುವವರು ಅಜ್ಜ ಅಜ್ಜಿಯರು ಮಾತ್ರ. ಚೀಟಿಯನ್ನು ಧಾರಾಳವಾಗಿ ಕೊಳ್ಳುವವರೂ ಅವರೇ. ಮೇಜಿನ ಹಿಂದೆ ಸುಮ್ಮನೆ ಕೂತರೆ ಚೀಟಿ ಹೋಗುವುದಿಲ್ಲ. ಎದ್ದು ನಿಂತು, ಹೆಸರು ಹಿಡಿದು ಕರೆದು, ನಗುತ್ತಾ ಕೇಳಬೇಕು. ಬೇಡ ಎಂದವರಿಗೂ ಅದೇ ನಗು.

ಇನ್ನು ಚೀಟಿ ಎತ್ತುವ ಗಳಿಗೆ. ಇಲ್ಲಿ ಮಾತ್ರ ನಾನು ಹಟಮಾರಿ. ನಿಯಮವೆಲ್ಲ ಮಾರಾಟ ಶುರುವಾಗುವ ಮೊದಲೇ ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿರಬೇಕು. ಎಷ್ಟು ಗಂಟೆಗೆ ಎತ್ತುತ್ತೇವೆ? ಗೆದ್ದವರು ಅಲ್ಲಿಲ್ಲದಿದ್ದರೆ ಬಹುಮಾನ ಕಾದಿಡುತ್ತೇವೋ, ಬೇರೆ ಚೀಟಿ ಎತ್ತುತ್ತೇವೋ? ಮೊದಲ ಚೀಟಿಗೆ ಮೊದಲ ಬಹುಮಾನವೋ, ಅಥವಾ ಮೊದಲು ಬಂದವರು ಮೇಜಿನಿಂದ ತಮಗೆ ಬೇಕಾದ್ದನ್ನು ಆರಿಸಿಕೊಳ್ಳುವುದೋ? ಸಂಘದವರ ಮನೆಯವರಿಗೇ ಬಂದರೆ ಏನು? ಸಂಘದವರು ಕೊಳ್ಳುವುದನ್ನು ಕಾನೂನು ತಡೆಯುವುದಿಲ್ಲ. ಆದರೂ ಮೇಜಿನ ಹಿಂದೆ ನಿಲ್ಲುವವರು ಮೊದಲ ಮೂರು ಬಹುಮಾನಗಳಿಗೆ ಅರ್ಹರಲ್ಲ ಎಂದು ನಮ್ಮಲ್ಲಿ ಬರೆದಿಟ್ಟಿದ್ದೇವೆ. ಹಿಂದೊಮ್ಮೆ ಅಧ್ಯಕ್ಷೆಯ ಗಂಡನಿಗೇ ದೊಡ್ಡ ಬುಟ್ಟಿ ಹೋಗಿತ್ತಂತೆ. ಅದು ಶುದ್ಧ ಅದೃಷ್ಟವೇ ಇದ್ದೀತು. ಊರು ಮಾತ್ರ ಇನ್ನೂ ಅದನ್ನು ಮರೆತಿಲ್ಲ.

ಡಬ್ಬಿಗೆ ಹಾಕುವಾಗ ಎಲ್ಲ ಚೀಟಿಯನ್ನೂ ಒಂದೇ ರೀತಿ ಮಡಿಸಬೇಕು, ಇಲ್ಲವೇ ಯಾವುದನ್ನೂ ಮಡಿಸಬಾರದು. ಕೆಲವು ಮಡಿಸಿ ಕೆಲವನ್ನು ಹಾಗೇ ಬಿಟ್ಟರೆ ಕೈಗೆ ಮಡಿಸಿದ್ದೇ ಮೊದಲು ಸಿಗುತ್ತದೆ. ಐದರ ಪಟ್ಟಿಯನ್ನು ಬಿಡಿಸದೆ ಹಾಗೇ ಹಾಕಿದರೂ ಅದೇ ತೊಂದರೆ. ತಳಮಟ್ಟದಿಂದ ಕಲಕಬೇಕು, ಕೊನೆಯ ಅರ್ಧ ಗಂಟೆಯಲ್ಲಿ ಕೊಂಡವರ ಚೀಟಿಯೆಲ್ಲ ಮೇಲೇ ಇರುತ್ತದೆ. ಎತ್ತುವವರು ಚೀಟಿ ಮಾರಿದವರಲ್ಲದವರಾಗಿರಲಿ. ನಮ್ಮಲ್ಲಿ ಶಾಲೆಯ ಮುಂದೆ ಮಕ್ಕಳನ್ನು ರಸ್ತೆ ದಾಟಿಸುವ ಮಹಿಳೆ ಎತ್ತುತ್ತಾರೆ, ಊರಿನ ಮಕ್ಕಳೆಲ್ಲ ಅವರನ್ನು ಬಲ್ಲರು. ಒಬ್ಬರು ಬಣ್ಣವನ್ನೂ ಸಂಖ್ಯೆಯನ್ನೂ ಗಟ್ಟಿಯಾಗಿ ಓದುತ್ತಾರೆ, ಮತ್ತೊಬ್ಬರು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ, ಗೆದ್ದವರ ಅರ್ಧ ಚೀಟಿಯನ್ನು ಆ ಸಾಲಿನ ಪಕ್ಕದಲ್ಲೇ ಅಂಟಿಸುತ್ತಾರೆ. ಮಾರದೆ ಉಳಿದ ಚೀಟಿಗಳನ್ನು ಎಲ್ಲರೆದುರು ಎಣಿಸಿ ಬದಿಗಿಡುತ್ತೇವೆ. ಪುಸ್ತಕದಲ್ಲಿದ್ದ ಚೀಟಿ, ಉಳಿದ ಚೀಟಿ, ಡಬ್ಬಿಯ ಹಣ, ಈ ಮೂರೂ ತಾಳೆಯಾಗುವವರೆಗೆ ಖಜಾಂಚಿ ಕೋಟು ಹಾಕಿಕೊಳ್ಳುವುದಿಲ್ಲ.

ಇಷ್ಟೆಲ್ಲ ಜಾಗ್ರತೆ ಸ್ನಾನದ ಉಪ್ಪಿನ ಡಬ್ಬಿಗೆ ಬೇಕೇ ಎಂದು ನಗುವವರಿಗೆ ನಾನು ಬ್ರಿಟಿಷ್ ಮ್ಯೂಸಿಯಮ್ಮಿನ ಕಥೆ ಹೇಳುತ್ತೇನೆ. ಲಂಡನ್ನಿಗೆ ಬಂದ ಕನ್ನಡಿಗರೆಲ್ಲ ನೋಡುವ ಆ ಮ್ಯೂಸಿಯಂ ಹುಟ್ಟಿದ್ದು ಲಾಟರಿ ಹಣದಿಂದ. 1753ರಲ್ಲಿ ಸಂಸತ್ತು ಅದಕ್ಕೆಂದೇ ಲಾಟರಿಗೆ ಒಪ್ಪಿಗೆ ಕೊಟ್ಟಿತು. ಮೂರು ಪೌಂಡಿನ ಒಂದು ಲಕ್ಷ ಟಿಕೆಟು. ಅದರ ಉಸ್ತುವಾರಿ ಹೊತ್ತವರಲ್ಲಿ ಪೀಟರ್ ಲೆಹ್ಯೂಪ್ ಎಂಬ ಅಧಿಕಾರಿಯೂ ಒಬ್ಬ. ಟಿಕೆಟುಗಳನ್ನು ಸುಳ್ಳು ಹೆಸರುಗಳಲ್ಲಿ ತನ್ನ ಕಡೆಯವರಿಗೆ ಹಂಚಿ, ಊರವರು ಹೆಚ್ಚಿನ ಬೆಲೆ ಕೊಟ್ಟು ಕೊಳ್ಳುವಂತೆ ಮಾಡಿ ಸಿಕ್ಕಿಬಿದ್ದ, ಸಾವಿರ ಪೌಂಡ್ ದಂಡ ತೆತ್ತ. ಅದಕ್ಕೂ ಮೊದಲು, 1569ರಲ್ಲಿ, ಬಂದರುಗಳ ದುರಸ್ತಿಗೆಂದು ಮೊದಲನೆಯ ಎಲಿಜಬೆತ್ ರಾಣಿ ನಡೆಸಿದ ಲಾಟರಿಯಲ್ಲಿ ರಾಣಿಯ ಹೆಸರಿದ್ದರೂ ಅಂದುಕೊಂಡಷ್ಟು ಟಿಕೆಟ್ ಹೋಗಲಿಲ್ಲ. ಮೋಸ, ಮಧ್ಯವರ್ತಿಗಳ ಹಾವಳಿ ಹೆಚ್ಚಿ 1826ರಲ್ಲಿ ಸರ್ಕಾರಿ ಲಾಟರಿಯೇ ನಿಂತಿತು. ಸಣ್ಣಪುಟ್ಟ ಲಾಟರಿಗಳಿಗೆ ಮತ್ತೆ ಬಾಗಿಲು ತೆರೆದದ್ದು 1934ರ ಕಾಯಿದೆ. ನಾನು ಮಾರುವ ಗುಲಾಬಿ ಚೀಟಿ ಆ ಬಾಗಿಲಿನಿಂದ ಬಂದದ್ದು.

ಇದೇ ಇಂಗ್ಲಿಷರು ಲಾಟರಿಯನ್ನು ನಮ್ಮ ದೇಶಕ್ಕೂ ತಂದಿದ್ದರು. ಕಲ್ಕತ್ತದಲ್ಲಿ 1817ರಲ್ಲಿ ಲಾಟರಿ ಸಮಿತಿಯೊಂದನ್ನೇ ಮಾಡಿ ಆ ಹಣದಿಂದ ರಸ್ತೆ ಮಾಡಿಸಿದರು, ಕೆರೆ ತೋಡಿಸಿದರು. ಸ್ವತಂತ್ರ ಭಾರತದಲ್ಲಿ ಮೊದಲು ಸರ್ಕಾರಿ ಲಾಟರಿ ಶುರುಮಾಡಿದ ರಾಜ್ಯ ಕೇರಳ, 1967ರಲ್ಲಿ. ನಮ್ಮ ಕರ್ನಾಟಕದ ಬಸ್‌ಸ್ಟ್ಯಾಂಡುಗಳಲ್ಲಿ ಕ್ಲಿಪ್ಪು ಹಾಕಿ ಟಿಕೆಟ್ ನೇತುಬಿಟ್ಟು, ಮೈಕಿನಲ್ಲಿ ಕೂಗಿ ಮಾರುತ್ತಿದ್ದದ್ದು ನನ್ನ ವಯಸ್ಸಿನವರಿಗೆಲ್ಲ ನೆನಪಿದೆ. ಕೂಲಿ ಮುಗಿಸಿ ಬಂದವರು ಅಂದಿನ ಸಂಬಳವನ್ನು ಅಲ್ಲೇ ಸುರಿದು ಬರಿಗೈಲಿ ಮನೆಗೆ ಹೋಗುತ್ತಿದ್ದರು. 2007ರಲ್ಲಿ ರಾಜ್ಯ ಸರ್ಕಾರ ಲಾಟರಿಯನ್ನು ನಿಷೇಧಿಸಿತು. ಅಮ್ಮನ ಕಣ್ಣಿಗೆ ಲಾಟರಿ ಎಂದರೆ ಆ ಬಸ್‌ಸ್ಟ್ಯಾಂಡ್. ಅವಳ ಗಾಬರಿ ಸುಮ್ಮನೆ ಹುಟ್ಟಿದ್ದಲ್ಲ.

ಊರಿನಲ್ಲಿ ಗಣೇಶೋತ್ಸವ, ಯುವಕ ಮಂಡಲದ ವಾರ್ಷಿಕೋತ್ಸವ, ವಾಲಿಬಾಲ್ ಪಂದ್ಯಾವಳಿ ಎಂದರೆ ಇಂದಿಗೂ "ಲಕ್ಕಿ ಡಿಪ್" ಇರುತ್ತದೆ. ಮೊದಲ ಬಹುಮಾನ ಫ್ರಿಜ್ಜು, ಕೊನೆಯದು ಸ್ಟೀಲ್ ಕೊಡ. ಶಾಲೆಗೆ ಬೆಂಚು ಮಾಡಿಸಲು, ಯಾರದೋ ಆಪರೇಷನ್ನಿಗೆ ಹಣ ಕೂಡಿಸಲು ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ. ಆದರೆ ಇಲ್ಲಿನ ನಿಯಮ ಅಲ್ಲಿಲ್ಲ ಎಂಬುದನ್ನು ಹೇಳದಿದ್ದರೆ ಈ ಬರಹ ಓದಿದವರಿಗೆ ಮೋಸವಾದೀತು. ಭಾರತದಲ್ಲಿ 1998ರ ಕೇಂದ್ರ ಕಾಯಿದೆಯ ಪ್ರಕಾರ ಲಾಟರಿ ನಡೆಸುವುದು ರಾಜ್ಯ ಸರ್ಕಾರಗಳ ಕೆಲಸ. ರಾಜ್ಯ ಸರ್ಕಾರ ನಡೆಸದ, ಅದು ಅನುಮತಿ ಕೊಡದ ಲಾಟರಿ ಎತ್ತಲು ಜಾಗ ಇಟ್ಟುಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 297ನೆಯ ಕಲಂ ಪ್ರಕಾರ ಆರು ತಿಂಗಳವರೆಗೆ ಸೆರೆ, ಅಥವಾ ದಂಡ, ಅಥವಾ ಎರಡೂ. ಅಂಥದ್ದರ ಪ್ರಕಟಣೆ ಹೊರಡಿಸಿದರೆ 5,000 ರೂಪಾಯಿವರೆಗೆ ದಂಡ. ಹಿಂದಿನ ದಂಡ ಸಂಹಿತೆಯ 294ಎ ಕಲಮೇ ಹೊಸ ಸಂಖ್ಯೆ ಪಡೆದು ಬಂದಿದೆ. ಉದ್ದೇಶ ದೇವರದ್ದು, ಶಾಲೆಯದ್ದು ಎಂದಮಾತ್ರಕ್ಕೆ ಕಲಂ ಬದಲಾಗುವುದಿಲ್ಲ. ಪೊಲೀಸರು ಸಾಮಾನ್ಯವಾಗಿ ಕಂಡೂ ಕಾಣದಂತಿರುತ್ತಾರೆ, ನಿಜ. ಬಹುಮಾನ ಸಿಗದ ಒಬ್ಬನೇ ಒಬ್ಬ ದೂರು ಕೊಟ್ಟರೆ ಕೂಪನ್ನಿನ ಮೇಲೆ ಕಾರ್ಯದರ್ಶಿ ಎಂದು ಹೆಸರು ಹಾಕಿಸಿಕೊಂಡ ಹುಡುಗ ಠಾಣೆಗೆ ಅಲೆಯಬೇಕು.

ಅದಕ್ಕೆ ಊರಿನವರು ಕೇಳಿದಾಗ ನಾನು ರಾಫಲ್ ಮಾಡಿ ಎನ್ನುವುದಿಲ್ಲ. ನಮ್ಮಲ್ಲಿ ಇದಕ್ಕಿಂತ ಹಳೆಯ, ಗಟ್ಟಿಯಾದ ದಾರಿಗಳಿವೆ. ಸಹಾಯಾರ್ಥ ಯಕ್ಷಗಾನವಿದೆ. ನಮ್ಮ ಸೀಮೆಯ ಎಷ್ಟೋ ಶಾಲೆಗಳ ಹೆಂಚು, ಗೋಡೆ ಆ ಟಿಕೆಟಿನ ಹಣದಿಂದ ಬಂದದ್ದು. ಸವಾಲಿದೆ: ಗಣಪತಿಯ ಮುಂದಿಟ್ಟ ಲಾಡು, ಫಲಾವಳಿಯ ತೆಂಗಿನಕಾಯಿ, ಹಲಸಿನ ಹಣ್ಣನ್ನು ಕೂಗಿ ಹರಾಜು ಹಾಕುವುದು. ಕರಾವಳಿಯ ಚರ್ಚುಗಳಲ್ಲೂ ಭಕ್ತರು ತಂದುಕೊಟ್ಟ ಬೆಳೆಯನ್ನು ಹೀಗೆ ಏಲಂ ಮಾಡುತ್ತಾರೆ. ಅಲ್ಲಿ ಅದೃಷ್ಟದ ಪ್ರಶ್ನೆಯೇ ಇಲ್ಲ. ಹೆಚ್ಚು ಕೂಗಿದವನಿಗೆ ಹಣ್ಣು, ಊರಿಗೆ ಹಣ, ಕೂಗಿದವನಿಗೆ ಮರ್ಯಾದೆ. ಚೀಟಿ ಎತ್ತಲೇಬೇಕೆಂಬ ಆಸೆಯಿದ್ದರೆ ಅದಕ್ಕೆ ಹಣ ಪಡೆಯಬಾರದು. ಬಂದವರಿಗೆಲ್ಲ ಪುಕ್ಕಟೆ ಸಂಖ್ಯೆ ಕೊಟ್ಟು ಕೊನೆಯಲ್ಲಿ ಎತ್ತಿದರೆ ಲಾಟರಿಯ ಮೂರು ಅಂಶಗಳಲ್ಲಿ ಒಂದು ಬಿಟ್ಟುಹೋಗುತ್ತದೆ. ಕಾರ್ಯಕ್ರಮದ ಕೊನೆಯವರೆಗೆ ಜನ ಕೂತಿರುತ್ತಾರೆ ಎಂಬ ಲಾಭವೂ ಉಂಟು. ಆಗಲೂ ಬ್ಯಾನರ್ ಕಟ್ಟುವ ಮೊದಲು ಒಬ್ಬ ವಕೀಲರನ್ನು ಕೇಳಿಕೊಳ್ಳುವುದು ಕ್ಷೇಮ.

ಬ್ರಿಟನ್ನಿನ ಕನ್ನಡ ಕೂಟಗಳಲ್ಲಿ ದೀಪಾವಳಿ, ಯುಗಾದಿಗೆ ರಾಫಲ್ ಇಡುವವರಿಗೆ ಒಂದು ಮಾತು. ಊಟದ ಸಭಾಂಗಣದೊಳಗೆ, ಅಂದೇ ಚೀಟಿ ಮಾರಿ ಅಂದೇ ಎತ್ತುವುದಾದರೆ ನಿಶ್ಚಿಂತೆಯಿಂದ ಮಾಡಿ. ವಾಟ್ಸ್ಆ್ಯಪ್ ಗುಂಪಿನಲ್ಲಿ ಹದಿನೈದು ದಿನ ಮುಂಚೆಯೇ ಸದಸ್ಯರಲ್ಲದವರಿಗೂ ಮಾರಲು ಹೊರಟಿದ್ದರೆ ಮೊದಲು ನಿಮ್ಮ ಕೌನ್ಸಿಲ್ಲಿನ ಲೈಸೆನ್ಸಿಂಗ್ ವಿಭಾಗಕ್ಕೆ ಒಂದು ಮಿಂಚಂಚೆ ಬರೆಯಿರಿ. ನೋಂದಣಿಗೆ ಕೆಲವು ವಾರ ಹಿಡಿಯಬಹುದು, ಆದ್ದರಿಂದ ದೀಪಾವಳಿಯ ರಾಫಲ್‌ಗೆ ಅರ್ಜಿಯನ್ನು ಗಣೇಶ ಚೌತಿಯ ಹೊತ್ತಿಗೇ ಹಾಕಿ. ಮುಗಿದ ಮೇಲೆ ಎಷ್ಟು ಚೀಟಿ ಹೋಯಿತು, ಎಷ್ಟು ಹಣ ಬಂತು, ಅದು ಎಲ್ಲಿಗೆ ಸಂದಿತು ಎಂಬುದನ್ನು ಅದೇ ವಾರದಲ್ಲಿ ಎಲ್ಲರಿಗೂ ತಿಳಿಸಿ. ಮುಂದಿನ ವರ್ಷ ಚೀಟಿ ಮಾರುವುದು ಅರ್ಧದಷ್ಟು ಸುಲಭವಾಗುತ್ತದೆ.